ಪಾಕಶಾಸ್ತ್ರಕ್ಕೆ ಸೇರದ ಗಡಿಗೆ

ಕಳೆದ ಚಳಿಗಾಲದಲ್ಲಿ ದಮ್ಮಾಮಿನಿಂದ ರಜೆಯ ಮೇಲೆ ಬಂದ ತಂಗಿ ನಮ್ಮ ಮನೆಗೊಂದು ಕರೆಂಟಿನ ಗಡಿಗೆ ತಂದುಕೊಟ್ಟಳು. ಹೊರಗೆ ಉಕ್ಕಿನ ಕವಚ, ಒಳಗೆ ಸುಟ್ಟ ಮಣ್ಣಿನ ದಪ್ಪ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಸ್ಲೋ ಕುಕ್ಕರ್ ಎಂದು ಅದರ ಹೆಸರು. ಎಂಟು-ಹತ್ತು ತಾಸು ಸಣ್ಣ ಕಾವಿನಲ್ಲಿ ಬೇಯಿಸುತ್ತಾ ಕೂರುವುದೊಂದೇ ಅದರ ಕೆಲಸ. ಜೊತೆಗೆ ಒಂದು ಪುಸ್ತಿಕೆ, ಇಂಗ್ಲಿಷ್ ಮತ್ತು ಅರಬ್ಬಿಯಲ್ಲಿ. ಅದರ ಮೊದಲ ಅಡುಗೆಯೇ ಚಳಿಗಾಲದ ಬೀಫ್ ಸ್ಟ್ಯೂ.

ಕೈಗೆ ಸಿಕ್ಕ ಯಾವ ಕಾಗದವನ್ನೂ ಕೃತಿಯಂತೆ ಓದುವುದು ನನ್ನ ಚಟ. ಆ ಅರ್ಧ ಪುಟವನ್ನೂ ಹಾಗೆಯೇ ಓದಿದೆ. ಭುಜದ ಭಾಗದ ಮಾಂಸ ಒಂದು ಕಿಲೋ. ಹಿಟ್ಟು ಸವರಿ ಎಣ್ಣೆಯಲ್ಲಿ ಕೆಂಪಗೆ ಹುರಿಯುವುದು. ಬಟಾಟಿ, ಗಜ್ಜರಿ, ಉಳ್ಳಾಗಡ್ಡಿ ಸೇರಿಸಿ ಎಂಟು ತಾಸು ಬಿಡುವುದು. ಓದಿ ಮುಗಿಸಿದಾಗ ನನಗಾದದ್ದು ಹೊಟ್ಟೆಕಿಚ್ಚು. ಬೀಫ್ ಎಂಬ ಪದವನ್ನು ಅದನ್ನು ಬರೆದವರು ದನಿ ತಗ್ಗಿಸದೆ, ಏರಿಸದೆ, ಬಟಾಟಿ ಎಂದಷ್ಟೇ ಸಲೀಸಾಗಿ ಬರೆದಿದ್ದರು. ಉರ್ದು ಶಾಲೆಯಲ್ಲಿ ಏಳನೇ ಇಯತ್ತೆಯವರೆಗೂ ಆಮೇಲೆ ಕನ್ನಡದಲ್ಲೂ ಓದಿದ ನನಗೆ, ಈ ಪದವನ್ನು ಕನ್ನಡದಲ್ಲಿ ಇಂಥ ದನಿಯಲ್ಲಿ ಓದಿದ ನೆನಪಿಲ್ಲ. ನಮ್ಮಲ್ಲಿ ಅದು ಪಾಪವಾಗಿ ಬರುತ್ತದೆ, ಬಂಡಾಯವಾಗಿ ಬರುತ್ತದೆ, ಹಕ್ಕಾಗಿ ಬರುತ್ತದೆ. ಅಡುಗೆಯಾಗಿ ಬಂದದ್ದು ಅಪರೂಪ. ಇದರಿಂದ ನಮ್ಮ ಸಾಹಿತ್ಯಕ್ಕೆ ಆಗಿರುವ ನಷ್ಟವೇನು ಎಂಬುದು ಈ ಬರಹದ ವಿಷಯ.

ನಮ್ಮೂರು ಅಬಲೂರು, ಹಿರೇಕೆರೂರು ತಾಲೂಕು. ಕನ್ನಡ ಓದಿದವರಿಗೆ ಈ ಹೆಸರು ಕೇಳಿದೊಡನೆ ಇಬ್ಬರು ನೆನಪಾಗುತ್ತಾರೆ. ಒಬ್ಬ ಏಕಾಂತದ ರಾಮಯ್ಯ. ಜೈನರೊಂದಿಗೆ ವಾದಕ್ಕಿಳಿದು ಶಿರಸ್ಸನ್ನೇ ಕತ್ತರಿಸಿ ಶಿವನಿಗೊಪ್ಪಿಸಿದ, ಏಳು ದಿನದ ಮೇಲೆ ಅದನ್ನು ಮರಳಿ ಪಡೆದ ಎಂದು ನಮ್ಮೂರ ಸೋಮೇಶ್ವರ ಗುಡಿಯ ಶಾಸನ ಹೇಳುತ್ತದೆ. ಇನ್ನೊಬ್ಬ ಸರ್ವಜ್ಞ. ಅವನ ತಾಯಿ ಈ ಊರಿನ ಕುಂಬಾರರ ಮನೆಯವಳೆಂದು ಐತಿಹ್ಯ. ಜೋಳ ತಿಂದವನು ಹೇಗಿರುತ್ತಾನೆ, ರಾಗಿ ಉಂಡವನು ಹೇಗಿರುತ್ತಾನೆ ಎಂದೂ ಪದ ಕಟ್ಟಿದವನು ಅವನು. ವಾದವನ್ನು ಕಲ್ಲಿನಲ್ಲಿ ಬರೆಸಿದ ಊರು ಇದು. ಆದರೆ ಆ ಏಳು ದಿನ ಎರಡೂ ಕಡೆಯವರ ಒಲೆಯ ಮೇಲೆ ಏನಿತ್ತೆಂದು ಕಲ್ಲು ಹೇಳುವುದಿಲ್ಲ. ನಮ್ಮ ಬರಹದ ಚರಿತ್ರೆಯಲ್ಲಿ ಒಲೆಗಿಂತ ವಾದಕ್ಕೆ ಜಾಗ ಹೆಚ್ಚು.

ಪುಸ್ತಿಕೆಗೆ ಮರಳುತ್ತೇನೆ. ಅದು ನಂಬಿಕೊಂಡಿರುವುದು ಮಾಂಸಕ್ಕೆಂದೇ ಸಾಕಿದ ಎಳೆಯ ದನವನ್ನು. ನಮ್ಮ ರಾಜ್ಯದ ಮಾತೇ ಬೇರೆ. 1964ರ ಕಾಯ್ದೆ ಗೋವಧೆಯನ್ನು ನಿಷೇಧಿಸಿತ್ತು; ಹನ್ನೆರಡು ವರ್ಷ ದಾಟಿದ ಅಥವಾ ದುಡಿಮೆಗೆ ಬಾರದ ಎತ್ತು, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2021ರ ಜನವರಿ 18ರಂದು ಸುಗ್ರೀವಾಜ್ಞೆಯ ಮೂಲಕ ಜಾರಿಗೆ ಬಂದು ಮರುತಿಂಗಳು ವಿಧಾನ ಪರಿಷತ್ತನ್ನೂ ದಾಟಿದ 2020ರ ಕಾಯ್ದೆ ಎತ್ತು, ಹೋರಿಗಳನ್ನೂ ಪೂರ್ತಿ ನಿಷೇಧದೊಳಗೆ ತಂದಿತು. ಹೊರಗುಳಿದದ್ದು ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಕಾಯ್ದೆಯ ವ್ಯಾಖ್ಯೆ ವಿಮರ್ಶಕನೊಬ್ಬ ನಿಂತು ಓದಬೇಕಾದದ್ದು. ಹದಿಮೂರು ದಾಟದ ಎಮ್ಮೆ ಅಲ್ಲಿ ಜಾನುವಾರು. ದಾಟಿದ್ದು ಆ ಕಾಯ್ದೆಯ ಅರ್ಥದಲ್ಲಿ ಜಾನುವಾರೇ ಅಲ್ಲ. ಜಾನುವಾರಿನ ಮಾಂಸವೇ ಬೀಫ್ ಎಂಬುದು ವ್ಯಾಖ್ಯೆಯಾದ್ದರಿಂದ, ಮುದಿ ಎಮ್ಮೆಯ ಮಾಂಸ ಬೀಫೂ ಅಲ್ಲ. ಹಾಗಾದರೆ ಅದೇನು? ಕಾನೂನಿನ ನಿಘಂಟಿನಲ್ಲಿ ಅದಕ್ಕೆ ಹೆಸರಿಲ್ಲ. ನಮ್ಮ ದಖ್ಖನಿಯಲ್ಲಿ ಅದು ‘ಬಡೇಕಾ’. ದೊಡ್ಡ ಪ್ರಾಣಿಯದು ಎಂದಷ್ಟೇ ಅರ್ಥ. ಈ ಲೇಖನದ ಗಡಿಗೆಯಲ್ಲಿರುವುದು ಆ ಹೆಸರಿಲ್ಲದ ಮಾಂಸ.

ಕಾನೂನಿನ ವಯಸ್ಸು ಒಲೆಯ ಮೇಲೂ ಕಾಣುತ್ತದೆ. ಹದಿಮೂರು ಬೇಸಿಗೆ ಕಂಡ, ಏಳೆಂಟು ಸೂಲು ಕಂಡ ಎಮ್ಮೆಯ ಕಾಲಿನ ಮಾಂಸ ಬೆರಳಿಗೆ ಬಗ್ಗುವುದಿಲ್ಲ. ಸ್ನಾಯುವಿನ ಎಳೆಗಳನ್ನು ಹಿಡಿದಿಟ್ಟಿರುವ ಕೊಲಾಜನ್ ಎಂಬ ಪ್ರೋಟೀನು ವಯಸ್ಸಾದಂತೆ ಒಂದಕ್ಕೊಂದು ಹೆಣೆದು ಬಿಗಿಯುತ್ತದೆ. ಅದು ಕರಗಿ ಅಂಟಿನಂಥ ಜೆಲಾಟಿನ್ ಆಗಬೇಕಾದರೆ 70 ಡಿಗ್ರಿ ಸೆಲ್ಸಿಯಸ್ ದಾಟಿದ ಹಸಿ ಕಾವು ತಾಸುಗಟ್ಟಲೆ ಬೇಕು. ದೊಡ್ಡ ಉರಿಯಲ್ಲಿ ದಬದಬ ಕುದಿಸಿದರೆ ಎಳೆಗಳು ಕುಗ್ಗಿ ರಸವನ್ನೆಲ್ಲ ಹಿಂಡಿಬಿಡುತ್ತವೆ. ಸಾರು ಕುದಿದಿರುತ್ತದೆ, ತುಂಡು ರಬ್ಬರಿನಂತಿರುತ್ತದೆ. ಎಳೆಯ ಮಾಂಸ ಕೊಳ್ಳಬಲ್ಲವರಿಗೆ ನಿಧಾನದ ಅಡುಗೆ ಒಂದು ಶೋಕಿ. ನಮ್ಮಂಥವರಿಗೆ ಅದು ಅನಿವಾರ್ಯ.

ನನ್ನ ನಾನಿ ಇದನ್ನು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ಪುಷ್ಯ ಮಾಸದ ಥಂಡಿಯಲ್ಲಿ, ಇಶಾ ನಮಾಜು ಮುಗಿದ ಮೇಲೆ ಅವಳ ಗಡಿಗೆ ಒಲೆ ಏರುತ್ತಿತ್ತು. ಒಂದು ಕಿಲೋ ಮೀನಖಂಡದ ಮಾಂಸ, ನಲ್ಲಿ ಎಲುಬು ಸಮೇತ. ಮೊದಲು ಅದನ್ನು ಒಂದು ಕುದಿ ಕುದಿಸಿ ಮೇಲೆ ಬಂದ ನೊರೆ ತೆಗೆಯಬೇಕು. ನಾಲ್ಕು ಉಳ್ಳಾಗಡ್ಡಿ ಸೀಳಿ ಕಂದು ಬಣ್ಣಕ್ಕೆ ಹುರಿದು, ಎರಡು ಚಮಚ ಶುಂಠಿ-ಬೆಳ್ಳುಳ್ಳಿ, ಅದರೊಳಗೆ ಮಾಂಸ. ನೆನೆಸಿ ಅರೆದ ಎಂಟು ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿ ನಮಗೆ ನೆರೆಯ ಪೇಟೆ. ಆ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಎರಡು ಚಮಚ ಕೊತ್ತಂಬರಿ ಪುಡಿ, ಒಂದು ಚಮಚ ಬಡೇಸೋಪು, ಅರ್ಧ ಚಮಚ ಒಣಶುಂಠಿ, ನಾಲ್ಕು ಲವಂಗ, ಒಂದು ತುಂಡು ದಾಲ್ಚಿನ್ನಿ. ಎರಡು ಲೀಟರು ನೀರು. ಮುಚ್ಚಳದ ಅಂಚಿಗೆ ಗೋಧಿ ಕಣಕ ಮೆತ್ತಿ, ಕುಳ್ಳಿನ ಕೆಂಡಕ್ಕೆ ಬೂದಿ ಹೊದಿಸಿ ಅದರ ಮೇಲಿಟ್ಟುಬಿಟ್ಟರೆ ಫಜರ್ ಬಾಂಗಿನವರೆಗೆ ಅದರ ಪಾಡಿಗದು. ನಡುರಾತ್ರಿ ಒಮ್ಮೆ ಎದ್ದು ಹೊಸ ಕುಳ್ಳು ಸರಿಸುತ್ತಿದ್ದಳು. ನಾವು ಮುಚ್ಚಳಕ್ಕೆ ಕೈ ಹಾಕಿದರೆ ‘ಮತ್ ಖೋಲ್ ಬೇಟಾ, ಪಕ್ನೇ ದೇ’ ಎನ್ನುತ್ತಿದ್ದಳು. ಬೆಳಿಗ್ಗೆ ಹುರಿದ ಜೋಳದ ಹಿಟ್ಟು ಎರಡು ಚಮಚ ನೀರಿನಲ್ಲಿ ಕದಡಿ ಸಾರಿಗೆ ಮೈ ಬರಿಸುವುದು. ಮೇಲೆ ಕೆಂಪನೆಯ ‘ತರಿ’ ತೇಲಬೇಕು. ಕಟಕ ರೊಟ್ಟಿ ಮುರಿದು ಹಾಕಿ, ಲಿಂಬೆ ಹಿಂಡಿ, ಹಸಿ ಶುಂಠಿಯ ಎಳೆ ಉದುರಿಸಿಕೊಂಡು ತಿನ್ನುವುದು. ತಿಂದು ಹತ್ತಿ ಬಿಡಿಸಲು ಹೋದವರು ಮಧ್ಯಾಹ್ನದವರೆಗೆ ಹಸಿವು ಅನ್ನುತ್ತಿರಲಿಲ್ಲ.

ಆ ಕುಳ್ಳು ತಟ್ಟುತ್ತಿದ್ದವರು ಪಕ್ಕದ ಮನೆಯ ಲಿಂಗಾಯತರ ದೊಡ್ಡವ್ವ. ನೂರಕ್ಕಿಷ್ಟು ಎಂದು ಕೊಳ್ಳುತ್ತಿದ್ದೆವು. ತನ್ನ ಆಕಳ ಸಗಣಿಯ ಕುಳ್ಳು ಯಾವ ಗಡಿಗೆಯ ಕೆಳಗೆ ಉರಿಯುತ್ತದೆಂದು ಅವಳಿಗೆ ಗೊತ್ತಿತ್ತು. ಚಳಿಗಾಲದಲ್ಲಿ ‘ಈ ಸರ್ತಿ ಹೆಚ್ಚಿಗೆ ಬೇಕಾದಾವೇನವಾ?’ ಎಂದು ತಾನೇ ಕೇಳುತ್ತಿದ್ದಳು. ಇದನ್ನು ಸೌಹಾರ್ದದ ಚಿತ್ರವೆಂದು ಗೋಡೆಗೆ ತೂಗುಹಾಕುವ ಆಸೆ ನನಗಿಲ್ಲ. ಅವಳು ನಮ್ಮ ಮನೆಯಲ್ಲಿ ನೀರು ಕುಡಿದವಳಲ್ಲ. ಆದರೆ ಕುಳ್ಳು ಮಾರುವುದನ್ನು ನಿಲ್ಲಿಸಿದವಳೂ ಅಲ್ಲ. ಒಪ್ಪದ ಊಟದ ಪಕ್ಕದಲ್ಲಿ ಬದುಕುವ ಕ್ರಮವೊಂದು ಅವಳಿಗೆ ತಿಳಿದಿತ್ತು.

ತಂಗಿಯ ಯಂತ್ರದಲ್ಲೂ ಇದೇ ಅಡುಗೆ ಮಾಡಿ ನೋಡಿದೆ. ಬದಲಾಗುವುದು ಸ್ವಲ್ಪ. ಮುಚ್ಚಳದ ಆವಿ ಒಳಗೇ ಇಳಿಯುವುದರಿಂದ ನೀರು ಮುಕ್ಕಾಲು ಲೀಟರು ಸಾಕು. ಮಾಂಸ, ಉಳ್ಳಾಗಡ್ಡಿ ಹುರಿಯುವುದು ಬೇರೆ ಬಾಣಲೆಯಲ್ಲೇ ಆಗಬೇಕು. ಈ ಗಡಿಗೆಗೆ ಕೆಂಪಗೆ ಮಾಡುವ ಕಾವಿಲ್ಲ. ಸಾರನ್ನು ಕುದಿಸಿಯೇ ಒಳಗೆ ಹಾಕುವುದು ಒಳ್ಳೆಯದು. ತಣ್ಣಗಿದ್ದದ್ದು ಮೆಲ್ಲಗೆ ಬಿಸಿಯಾಗುವ ಹೊತ್ತಿನಲ್ಲಿ ಮಾಂಸ ಕೆಡಬಹುದು. ಸಣ್ಣ ಕಾವಿನಲ್ಲಿ ಹತ್ತು ತಾಸು. ನಡುವೆ ಮುಚ್ಚಳ ತೆಗೆದರೆ ಹೋದ ಕಾವು ತಿರುಗಿ ಬರಲು ಇಪ್ಪತ್ತು ನಿಮಿಷವಾದರೂ ಬೇಕು. ನಾನಿಯ ಮಾತು ಯಂತ್ರಕ್ಕೂ ಸರಿ. ರಾತ್ರಿ ಕರೆಂಟು ಹೋಗಿ ತಾಸುಗಟ್ಟಲೆ ಬರದಿದ್ದರೆ ಮಾತ್ರ ಆ ಗಡಿಗೆಯನ್ನು ನಂಬಬಾರದು. ಕುಳ್ಳಿಗೆ ಆ ಚಿಂತೆ ಇರಲಿಲ್ಲ.

ಈ ಯಂತ್ರದ ಹುಟ್ಟಿನ ಕಥೆ ತಿಳಿದಾಗ ನನ್ನ ಹೊಟ್ಟೆಕಿಚ್ಚು ತುಸು ಇಳಿಯಿತು. ಅದನ್ನು ಕಂಡುಹಿಡಿದವನು ಇರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕದ ಯಹೂದಿ. ಪೇಟೆಂಟು ಸಿಕ್ಕಿದ್ದು 1940ರಲ್ಲಿ. ಲಿಥುವೇನಿಯಾದಲ್ಲಿದ್ದ ಅಜ್ಜಿಯೊಬ್ಬಳು ಚೋಲೆಂಟ್ ಎಂಬ ಮಾಂಸ-ಕಾಳಿನ ಅಡುಗೆ ಮಾಡುತ್ತಿದ್ದುದನ್ನು ಅವನ ತಾಯಿ ಹೇಳುತ್ತಿದ್ದಳು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಬೆಂಕಿ ಹೊತ್ತಿಸಬಾರದೆಂಬುದು ಯಹೂದಿಗಳ ಕಟ್ಟಳೆ. ಹೀಗಾಗಿ ಮೊದಲೇ ಗಡಿಗೆಯನ್ನು ಊರಿನ ರೊಟ್ಟಿ ಭಟ್ಟಿಯ ಆರುವ ಕಾವಿನಲ್ಲಿಟ್ಟು ಮರುದಿನ ತೆಗೆಯುತ್ತಿದ್ದರು. ಆ ನೆನಪಿನಿಂದ ಹುಟ್ಟಿದ ಯಂತ್ರವನ್ನು ಮುಂದೆ ಬೇರೊಂದು ಕಂಪನಿ ಕೊಂಡು, 1971ರಲ್ಲಿ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮಾರಿತು. ಕೆಲಸಕ್ಕೆ ಹೋಗುವ ಹೆಂಗಸರ ಮನೆಗಳಲ್ಲಿ ಅದು ಗೆದ್ದಿತು. ಧರ್ಮದ ಕಟ್ಟಳೆಯೊಂದು ಅಲ್ಲಿ ನಿಧಾನದ ಅಡುಗೆ ಕಲಿಸಿತು; ಇಲ್ಲಿ ಸರಕಾರದ ಕಟ್ಟಳೆ ಕಲಿಸುತ್ತಿದೆ. ಆದರೆ ನಮ್ಮ ಮನೆಗೆ ಬಂದ ಪುಸ್ತಿಕೆಯಲ್ಲಿ ಆ ಅಜ್ಜಿಯ ಸುಳಿವೇ ಇಲ್ಲ. ಅದರ ಸಲೀಸಾದ ದನಿಗೂ ಒಂದು ಮರೆವಿನ ಬೆಲೆಯಿದೆ. ನನಗೆ ಬೇಕಾದ ಕನ್ನಡ ಅದೂ ಅಲ್ಲ. ಅಜ್ಜಿಯನ್ನು ಮರೆಯದೆ ಅಳತೆ ಹೇಳಬಲ್ಲ ಕನ್ನಡ ಬೇಕು.

ಅಂಥ ಕನ್ನಡಕ್ಕೆ ಪರಂಪರೆ ಇದೆಯೇ? ಅಡುಗೆಯನ್ನು ಬರೆಯುವ ವಿಷಯದಲ್ಲಿ ನಾವು ಬಡವರಲ್ಲ. ಎರಡನೇ ಚಾವುಂಡರಾಯನ ‘ಲೋಕೋಪಕಾರ’ (1025) ಬಾವಿ ತೋಡುವುದು, ಗಿಡ ನೆಡುವುದರ ಜೊತೆಗೆ ಅಡುಗೆಯನ್ನೂ ಹೇಳುತ್ತದೆ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಮಂಗರಸ ಜೈನ, ಅವನ ಪಾಕವೆಲ್ಲ ಸಸ್ಯಾಹಾರ. ಅದು ಅವನ ಧರ್ಮ, ಅದರಲ್ಲಿ ತಪ್ಪೇನಿಲ್ಲ. ಅಬಲೂರು ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿದ್ದಾಗ ಅದೇ ವಂಶದ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ರಚಿಸಿದ. ಹಂದಿಯ ರೋಮ ತೆಗೆಯುವ ಕ್ರಮದಿಂದ ಹಿಡಿದು ಮೀನು, ಜಿಂಕೆಗಳ ಅಡುಗೆಯವರೆಗೆ ಅಲ್ಲಿ ವಿವರಗಳಿವೆ. ಆದರೆ ಅದು ಸಂಸ್ಕೃತದಲ್ಲಿದೆ. ಕನ್ನಡ ನಾಡಿನ ಅರಮನೆ ಮಾಂಸದ ಪಾಕವನ್ನು ಬರೆಯಿಸಿತು, ಕನ್ನಡದಲ್ಲಿ ಬರೆಯಿಸಲಿಲ್ಲ. ಮಂಗರಸನ ಕಾಲಕ್ಕೇ ಮಾಳವದ ಮಾಂಡುವಿನಲ್ಲಿ ಸುಲ್ತಾನ ಘಿಯಾಸ್ ಶಾಹಿಗಾಗಿ ‘ನಿಅಮತ್‌ನಾಮಾ’ ಎಂಬ ಚಿತ್ರಸಹಿತ ಪಾಕಗ್ರಂಥ ಪಾರ್ಸಿಯಲ್ಲಿ ಸಿದ್ಧವಾಗುತ್ತಿತ್ತು. ಸಂಸ್ಕೃತದ ಅರಮನೆಯಾಗಲಿ, ಪಾರ್ಸಿಯ ಅರಮನೆಯಾಗಲಿ, ನನ್ನ ನಾನಿಯ ಗಡಿಗೆಗೆ ಎರಡೂ ದೂರ. ಒಂದು ಭಾಷೆಯಲ್ಲಿ ಅವಳ ಮಾಂಸಕ್ಕೆ ಜಾಗವಿಲ್ಲ. ಇನ್ನೊಂದರಲ್ಲಿ ಅವಳ ಜೋಳದ ಹಿಟ್ಟಿಗೆ ಜಾಗವಿಲ್ಲ.

ಆಧುನಿಕ ಸಾಹಿತ್ಯಕ್ಕೆ ಬಂದರೆ ಮಾತು ಇನ್ನೂ ಸೂಕ್ಷ್ಮವಾಗುತ್ತದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಬೇಟೆ, ಹಂದಿಯೂಟಗಳು ಮಲೆನಾಡಿನ ಮಳೆಯಷ್ಟೇ ಸಹಜ. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ನಾರಣಪ್ಪ ಮುಸ್ಲಿಮರೊಂದಿಗೆ ಕೂತು ಮಾಂಸ ತಿನ್ನುತ್ತಾನೆ. ಅಗ್ರಹಾರದ ಕಪಟವನ್ನು ಒಡೆಯಲು ಕಾದಂಬರಿಗೆ ಆ ಊಟ ಬೇಕಿತ್ತು, ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆದರೆ ಅವನ ಪಕ್ಕ ಕೂತ ಮುಸ್ಲಿಮರ ಕಡೆಯಿಂದ ನೋಡಿ. ಅವರಿಗದು ಬಂಡಾಯವಲ್ಲ, ರಾತ್ರಿಯ ಊಟ. ಯಾರು ಬೇಯಿಸಿದರು, ಉಪ್ಪು ಸರಿಯಿತ್ತೇ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆ ಕೇಳುವ ಕಾದಂಬರಿ ಬೇರೆಯೇ ಆಗುತ್ತಿತ್ತು. ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ಯಂಥ ಆತ್ಮಕಥನಗಳು ಬಂದ ಮೇಲೆ ಕೇರಿಯ ಹಸಿವು, ಅವಮಾನ ಕನ್ನಡದ ಓದಿಗೆ ಸೇರಿದವು. ಅನ್ನದ ಬಗ್ಗೆ ನಾನು ಕನ್ನಡದಲ್ಲಿ ಓದಿದ ಶ್ರೇಷ್ಠ ಪುಟಗಳು ದೇವನೂರರ ‘ಒಡಲಾಳ’ದಲ್ಲಿವೆ. ಕದ್ದು ತಂದ ಕಡಲೆಕಾಯಿಯನ್ನು ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ಕೂತು ತಿಂದು ಮುಗಿಸುತ್ತಾರೆ. ಬಡವರಿಗೆ ಕದಿಯುವ ಹಕ್ಕಿದೆಯೇ ಎಂದು ದೇವನೂರು ವಾದಿಸುವುದಿಲ್ಲ. ಆ ಮನೆಯವರ ಸುಖವನ್ನು ನಮ್ಮೆದುರು ತಂದಿಡುತ್ತಾರೆ, ವಾದ ತಾನಾಗಿ ಹುಟ್ಟುತ್ತದೆ. ಬಡೇಕಾ ಗಡಿಗೆಗೆ ಅಂಥ ಒಂದು ರಾತ್ರಿ ಕನ್ನಡ ಕಥೆಯಲ್ಲಿ ಇನ್ನೂ ಸಿಗಬೇಕಾಗಿದೆ.

ನೆರೆಯ ಮರಾಠಿಯಲ್ಲಿ ಶಾಹೂ ಪಾಟೋಳೆ ಅವರು 2015ರಲ್ಲಿ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂಬ ಪುಸ್ತಕ ತಂದರು. ಮರಾಠವಾಡದ ಮಹಾರ್, ಮಾಂಗ್ ಮನೆಗಳ ಅಡುಗೆಯನ್ನು ಮಾಡುವ ವಿಧಾನ ಸಹಿತ ಬರೆದಿದ್ದಾರೆ. 2024ರಲ್ಲಿ ಅದು ಇಂಗ್ಲಿಷಿಗೂ ಹೋಯಿತು. ನಮ್ಮಲ್ಲಿ ಈ ವರ್ಷಗಳಲ್ಲಿ ನಡೆದದ್ದು ಬಾಗಿಲಿನ ಜಗಳ. 2023ರ ಜನವರಿಯಲ್ಲಿ 86ನೇ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಹಾವೇರಿಯಲ್ಲೇ ನಡೆಯಿತು. ಮುಸ್ಲಿಂ ಲೇಖಕರನ್ನು ಕಡೆಗಣಿಸಲಾಗಿದೆ ಎಂಬ ಆಕ್ಷೇಪ ಎದ್ದು ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ಸೇರಿತು. 2024ರ ಡಿಸೆಂಬರಿನ ಮಂಡ್ಯ ಸಮ್ಮೇಳನದಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಿದ್ದಕ್ಕೆ ಬಾಡೂಟದ ಹೋರಾಟವೇ ನಡೆಯಿತು. ಆ ಹೋರಾಟ ಬೇಕಿತ್ತು. ಆದರೆ ಸಮ್ಮೇಳನದ ಪಂಕ್ತಿಯಲ್ಲಿ ಜಾಗ ಸಿಕ್ಕ ಮಾತ್ರಕ್ಕೆ ಭಾಷೆಯ ಪಂಕ್ತಿಯಲ್ಲಿ ಜಾಗ ಸಿಗುವುದಿಲ್ಲ. ಅದನ್ನು ಬರಹಗಾರರೇ ಮಾಡಿಕೊಳ್ಳಬೇಕು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹದಿನೈದು ವರ್ಷದ ಹಿಂದೆ ನಾನೊಂದು ಕಥೆ ಬರೆದೆ. ದೂರದೂರಿಗೆ ದುಡಿಯಲು ಹೋದ ಮಗ ಬೆಳಿಗ್ಗೆ ಬರುವವನಿದ್ದಾನೆ, ಮುದುಕಿ ರಾತ್ರಿಯಿಡೀ ಒಲೆಯ ಮುಂದೆ ಕೂತಿದ್ದಾಳೆ. ಮೊದಲ ಕರಡಿನಲ್ಲಿ ಒಲೆಯ ಮೇಲಿದ್ದದ್ದು ಬಡೇಕಾ ಸಾಲನ್. ಪತ್ರಿಕೆಗೆ ಕಳಿಸುವ ಹಿಂದಿನ ದಿನ ನಾನೇ ಅದನ್ನು ‘ಕೋಳಿ ಸಾರು’ ಎಂದು ತಿದ್ದಿದೆ. ಯಾರೂ ಹೇಳಿರಲಿಲ್ಲ. ಕಥೆ ಅಚ್ಚಾಯಿತು, ನಾಲ್ಕು ಜನ ಮೆಚ್ಚಿದರು. ಓದುಗರೊಬ್ಬರು ಮಾತ್ರ ಪತ್ರ ಬರೆದು ಕೇಳಿದ್ದರು: ‘ಕೋಳಿ ಬೇಯಲು ಇಡೀ ರಾತ್ರಿ ಬೇಕೇ?’ ಅವರ ಪ್ರಶ್ನೆ ನ್ಯಾಯವಾದದ್ದು. ಕೋಳಿ ಅರ್ಧ ತಾಸಿನಲ್ಲಿ ಬೇಯುತ್ತದೆ. ಹೆದರಿಕೆಯಿಂದ ನಾನೊಂದು ಪದ ಬದಲಿಸಿದ್ದೆ, ಅದರೊಂದಿಗೆ ಮುದುಕಿಯ ಎಚ್ಚರಕ್ಕಿದ್ದ ಕಾರಣವೇ ಕಥೆಯಿಂದ ಹೊರಟುಹೋಗಿತ್ತು. ನಮ್ಮ ಮುಸ್ಲಿಂ ಕಥೆಗಾರರಲ್ಲಿ ಇಂಥ ಕೋಳಿಗಳನ್ನು ಸಾಕಿದವನು ನಾನೊಬ್ಬನೇ ಇರಲಾರೆ.

ಹೆದರಿಕೆ ಹೊರಗಿನವರದ್ದು ಮಾತ್ರವೂ ಆಗಿರಲಿಲ್ಲ. ನಮ್ಮ ಸಮುದಾಯದೊಳಗೂ ‘ಛೋಟೇಕಾ’ ಅಂದರೆ ಇಜ್ಜತ್ತು, ‘ಬಡೇಕಾ’ ಅಂದರೆ ಬಡತನ. ಮದುವೆಗೆ ಕುರಿ ಹಾಕಲಾಗದವರು ನೆಂಟರ ಮುಖ ನೋಡಲು ಅಳುಕುತ್ತಾರೆ. ಉರ್ದುವಿನಲ್ಲಿ ನಿಹಾರಿಯ ಬಗ್ಗೆ ಬರೆದದ್ದಕ್ಕೆ ಲೆಕ್ಕವಿಲ್ಲ, ಆದರೆ ಅದೆಲ್ಲ ದಿಲ್ಲಿ-ಲಖ್ನೋದ ಹಳೆಯ ವೈಭವದ ನೆನಪು. ನಹಾರ್ ಅಂದರೆ ಹಗಲು, ಮುಂಜಾನೆಯ ಊಟ ಎಂದು ವಿವರಿಸುವವರು ಆ ಊಟ ಮಾಡಿ ಹೊರೆ ಹೊರಲು ಹ��ದವರ ಬಗ್ಗೆ ಬರೆದದ್ದು ಕಡಿಮೆ. ಇಂಗ್ಲಿಷಿನ ಸ್ಟ್ಯೂ ಕೂಡ ಉರ್ದುವಿಗೆ ಬಂದು ‘ಇಷ್ಟೂ’ ಆಗಿ, ಇಡಿ ಮಸಾಲೆ ಹಾಕಿಸಿಕೊಂಡು ಮನೆಯದೇ ಆಯಿತು. ಪರಭಾಷೆಯ ಅಡುಗೆಗೆ ಹೆಸರು ಕೊಟ್ಟ ಉರ್ದು, ಹಿರೇಕೆರೂರಿನ ಗಡಿಗೆಗೆ ಹೆಸರು ಕೊಡಲಿಲ್ಲ. ಆ ಕೆಲಸ ಕನ್ನಡದಲ್ಲೇ ಆಗಬೇಕು. ಕುಳ್ಳು, ಕಣಕ, ಮೀನಖಂಡ, ಕಟಕ ರೊಟ್ಟಿ, ಬ್ಯಾಡಗಿ: ಈ ಅಡುಗೆಗೆ ಬೇಕಾದ ಮಾತುಗಳೆಲ್ಲ ಇಲ್ಲಿಯವೇ.

ಮಾಂಸ ತಿನ್ನದವರಿಗೆ ಈ ಬರಹ ತಿನ್ನಿ ಎಂದು ಹೇಳುತ್ತಿಲ್ಲ. ದೊಡ್ಡವ್ವ ತಿನ್ನಲಿಲ್ಲ, ಅವಳಿಗೆ ಏನು ಬೇಯುತ್ತಿದೆ ಎಂದು ಗೊತ್ತಿತ್ತು, ಅಷ್ಟೇ. ಓದುಗರಿಂದ ನಾನು ಕೇಳುವುದೂ ಅಷ್ಟೇ. ಅಳತೆ, ಹೊತ್ತು, ಉರಿಯ ಲೆಕ್ಕವನ್ನು ವಿಮರ್ಶೆಯ ನಡುವೆ ಬರೆದದ್ದು ಅದಕ್ಕಾಗಿ. ಮುಂದಿನ ಸಂಕಲನಕ್ಕೆ ಆ ಹಳೆಯ ಕಥೆಯನ್ನು ತಿದ್ದುತ್ತಿದ್ದೇನೆ. ಕೋಳಿಯನ್ನು ತೆಗೆದಿದ್ದೇನೆ. ಮುದುಕಿ ಈಗ ನಡುರಾತ್ರಿ ಎದ್ದು ಒಲೆಗೆ ಎರಡು ಕುಳ್ಳು ಸರಿಸುತ್ತಾಳೆ.